ಹದಿನೈದು ಲಕ್ಷದ ಕಾರಿಗೆ ಐದು ಸಾವಿರದ ಬ್ಯಾಟರಿಯೇ ಯಜಮಾನ!

ಮಸ್ಕಿ: ಗುರುವಾರ ಬೆಳಿಗ್ಗೆ ಆರೂವರೆ ಗಂಟೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಎಲೆಕ್ಟ್ರಿಕ್ ಕಾರು, ಅದರ ಸುತ್ತ ಏಳೆಂಟು ಮಂದಿ. ಕಾರಿನ ಮಾಲೀಕರು ಇಲ್ಲಿಯ ಕಿರಾಣಿ ವ್ಯಾಪಾರಸ್ಥರು, ನನಗೆ ಸಲಿಗೆಯವರು. ರಿಮೋಟು ಒತ್ತುತ್ತಾರೆ, ಬಾಗಿಲು ತೆಗೆಯುವುದಿಲ್ಲ. ಮತ್ತೆ ಒತ್ತುತ್ತಾರೆ, ಇಲ್ಲ. ಕೊನೆಗೆ ರಿಮೋಟಿನ ಹೊಟ್ಟೆಯೊಳಗೆ ಅಡಗಿದ್ದ ಕಬ್ಬಿಣದ ಕೀಲಿ ಹುಡುಕಿ ತೆಗೆದು ಬಾಗಿಲು ಬಿಚ್ಚಿದ್ದಾಯಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ದೀಪಾವಳಿ! ಬ್ರೇಕಿನ ದೀಪ, ಸ್ಟಿಯರಿಂಗಿನ ದೀಪ, ಏರ್‌ಬ್ಯಾಗಿನ ದೀಪ, ಆಮೆಯ ಚಿತ್ರ, 'ಕೂಡಲೇ ಸರ್ವಿಸ್ ಕೇಂದ್ರಕ್ಕೆ ತಿಳಿಸಿ' ಎಂಬ ಕೆಂಪು ಅಕ್ಷರ. ಒಳಗೆಲ್ಲೋ ಟಕ್ ಟಕ್ ಟಕ್ ಎಂಬ ಸದ್ದು. ಆಮೇಲೆ ಕತ್ತಲು.

ಕಟ್ಟೆಯ ಮೇಲೆ ಅವರ ತಂದೆ ಟೋಪಿ ಹಾಕಿಕೊಂಡು, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಜೀವ. ವಾರಕ್ಕೆ ಎರಡು ಸಲ ಲಿಂಗಸುಗೂರಿಗೆ ಡಯಾಲಿಸಿಸ್‌ಗೆ ಹೋಗಬೇಕು. ಎಂಟೂವರೆಗೆ ಮಶೀನು ಅವರ ಪಾಲಿಗೆ. ತಪ್ಪಿದರೆ ಮುಂದಿನ ಪಾಳಿಯವರು ಬರುತ್ತಾರೆ. ಪೆಟ್ರೋಲಿನ ಖರ್ಚು ತಡೆಯಲಾರದೆ, ಇದೊಂದು ಕಾರಣಕ್ಕೇ ಸಾಲ ಮಾಡಿ ಈ ಕಾರು ತಂದದ್ದು.

"ರಾತ್ರಿ ನೋಡೀನ್ರಿ, ನೂರಕ್ಕ ತೊಂಬತ್ತಾರು ಚಾರ್ಜ್ ಇತ್ತು. ಕಳ್ಳತನ ಆತೇನು ಕರೆಂಟು?" ಎಂದು ಮಾಲೀಕರು ಹಣೆ ಚಚ್ಚಿಕೊಂಡರು.

ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರೆ ಹತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ "ಗಾಡಿಯನ್ನು ಟೋ ಮಾಡಿಸಿ ಸರ್" ಎಂದಳು. ಎಲ್ಲಿಗೆ? ನೂರು ಕಿಲೋಮೀಟರಿಗೂ ಆಚೆಯ ಶಹರಿಗೆ. ಯಾವಾಗ? ನಾಳೆ ಅಥವಾ ನಾಡಿದ್ದು. ಖಾಸಗಿ ಟೋ ಗಾಡಿಯವರನ್ನು ಕೇಳಿದರೆ, ಅವರು ಹೇಳಿದ ಬಾಡಿಗೆಯಲ್ಲಿ ಒಂದು ಹಳೇ ಮೊಪೆಡ್ಡು ಬರುತ್ತಿತ್ತು.

ಮುದುಕರು ಎದ್ದು ನಿಂತರು. "ಬಸ್ಸಿಗೆ ಹೋಗೋಣು ನಡೀಪಾ" ಎಂದರು. ಏಳೂಕಾಲರ ಕೆಂಪು ಬಸ್ಸಿಗೆ ಹತ್ತಿಸಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ತನ್ನ ಸೀಟು ಬಿಟ್ಟುಕೊಟ್ಟ. ಮೂವತ್ತು ಕಿಲೋಮೀಟರಿನ ಹತ್ತಿರದ ಹಾದಿ, ಕೈಕೈ ಮಾಡಿದಲ್ಲೆಲ್ಲ ನಿಲ್ಲುವ ಬಸ್ಸು. ಅವರು ಮುಟ್ಟಿದಾಗ ಪಾಳಿ ಹೋಗಿತ್ತು. ಸಂಜೆಯ ಪಾಳಿಯಲ್ಲಿ ಯಾರೋ ಬಾರದೆ ಇದ್ದದ್ದರಿಂದ ಹೇಗೋ ಆಯಿತು. ಬಾರದೆ ಇದ್ದಾತನಿಗೆ ಏನಾಗಿತ್ತೋ, ಅದು ಬೇರೆ ಮಾತು.

ಟ್ರ್ಯಾಕ್ಟರ್ ಬ್ಯಾಟರಿಯವನ ಪ್ರವೇಶ

ಇತ್ತ ಓಣಿಯಲ್ಲಿ ಸಲಹೆಗಳ ಸುರಿಮಳೆ. ಮೋಟಾರು ಸುಟ್ಟಿದೆ ಎಂದವರಿದ್ದಾರೆ. ಐದಾರು ಲಕ್ಷದ ದೊಡ್ಡ ಬ್ಯಾಟರಿಯೇ ಹೋಯಿತು ಎಂದು ತಲೆ ಆಡಿಸಿದವರಿದ್ದಾರೆ. "ನಾ ಅವಾಗ್ಲೇ ಹೇಳಿದ್ದೆ, ಡೀಸೆಲ್ ತಗೋರಿ ಅಂತ" ಎಂಬ ಮಹಾಶಯರಂತೂ ಎಲ್ಲ ಓಣಿಯಲ್ಲೂ ಇರುತ್ತಾರೆ.

ಆಗ ಬಂದವನು ಸಿಂಧನೂರು ರಸ್ತೆಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ರಿಪೇರಿ ಮಾಡುವ ಮನುಷ್ಯ. ಮೂವತ್ತು ವರ್ಷದಿಂದ ಆಸಿಡ್ಡು ಮುಟ್ಟಿ ಅಂಗಿಯ ತೋಳೆಲ್ಲ ಜರಡಿ. ಎಲೆಕ್ಟ್ರಿಕ್ ಕಾರು ಮುಟ್ಟಿದವನಲ್ಲ. ಬಾನೆಟ್ಟು ಎತ್ತಿ ಒಳಗೆ ಇಣುಕಿದ. "ಇಲ್ಲೇ ಐತಲ್ರೀ ನಮ್ಮ ಮಾಲು" ಎಂದ!

ಹೌದು, ಸ್ವಾಮಿ. ಸ್ಕೂಟರಿನ ಬ್ಯಾಟರಿಯ ಅಣ್ಣನಂತೆ ಒಂದು ಸಣ್ಣ ಕರಿ ಡಬ್ಬಿ. ಕೆಂಪು ತಂತಿ, ಕರಿ ತಂತಿ. 12 ವೋಲ್ಟಿನ ಮಾಮೂಲಿ ಸೀಸದ ಬ್ಯಾಟರಿ. ಮೀಟರು ಹಚ್ಚಿದ. ಮುಳ್ಳು ಹತ್ತು ವೋಲ್ಟಿಗೂ ಮುಟ್ಟಲಿಲ್ಲ.

ಅಲ್ಲಿಯೇ ನಿಂತಿದ್ದ ಒಂದು ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ ಬಿಚ್ಚಿ ತರಿಸಿದ. ಕೆಂಪಿಗೆ ಕೆಂಪು ಹಚ್ಚಿದ. ಕರಿ ತಂತಿಯನ್ನು ಸತ್ತ ಬ್ಯಾಟರಿಗೆ ಹಚ್ಚದೆ, ಸ್ವಲ್ಪ ದೂರದಲ್ಲಿ ಕಾರಿನ ಬಾಡಿಯ ಬೋಳು ಬೋಲ್ಟಿಗೆ ಹಿಡಿಸಿದ. ಯಾಕೆ ಎಂದೆ. "ಕಿಡಿ ಹಾರತೈತ್ರಿ. ಬ್ಯಾಟರಿ ಮ್ಯಾಲ ಗ್ಯಾಸ್ ಇರತೈತಿ. ನನ್ನ ಹುಬ್ಬು ಒಮ್ಮೆ ಹೋಗ್ಯಾವ" ಎಂದ. ಮಾಲೀಕರ ಮಗ ಬ್ರೇಕು ತುಳಿದು ಗುಂಡಿ ಒತ್ತಿದ. ಪರದೆ ಬೆಳಗಿತು. ಒಳಗೆ ಧಡ್ ಎಂದು ಒಂದೇ ಸದ್ದು. 'ರೆಡಿ' ಎಂಬ ಹಸಿರು ಅಕ್ಷರ. ಚಾರ್ಜು ನೂರಕ್ಕೆ ತೊಂಬತ್ತಾರು, ಒಂದು ಕಾಳೂ ಕಮ್ಮಿಯಾಗಿಲ್ಲ! ಅಲ್ಲಿಯವರೆಗೆ ಡೀಸೆಲ್ ಪುರಾಣ ಹೇಳುತ್ತಿದ್ದ ಮಹಾಶಯರು ಚಹಾ ಕುಡಿಯಲು ಹೋದರು.

ಡ್ಯಾಂ ತುಂಬಿದೆ, ಗೇಟು ಎತ್ತುವವನು ಉಪವಾಸ

ಪಿಯುಸಿಯಲ್ಲಿ ಫಿಸಿಕ್ಸ್ ಪುಸ್ತಕ ಅರ್ಧಕ್ಕೆ ಮುಚ್ಚಿ ಮನೆಗೆ ಬಂದವನು ನಾನು. ಹಾಗಾಗಿ ನನಗೆ ತಿಳಿದ ರೀತಿಯಲ್ಲೇ ಹೇಳುತ್ತೇನೆ. ತಪ್ಪಿದರೆ ಬಲ್ಲವರು ಕಿವಿ ಹಿಂಡಲಿ.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಎರಡು. ನೆಲದಡಿ ಇರುವುದು ದೊಡ್ಡದು, ಲಿಥಿಯಂ ಜಾತಿಯದು, ಈಗಿನ ಬಹುಪಾಲು ಕಾರುಗಳಲ್ಲಿ ಮುನ್ನೂರು ವೋಲ್ಟಿನ ಆಸುಪಾಸು ಅಥವಾ ಅದಕ್ಕೂ ಮೇಲೆ. ಗಾಡಿ ಓಡುವುದು ಅದರಿಂದ. ಆದರೆ ಅಷ್ಟು ವೋಲ್ಟನ್ನು ಸದಾ ತಂತಿಯಲ್ಲಿ ಹರಿಯಬಿಟ್ಟರೆ ಜನ ಸಾಯುತ್ತಾರೆ. ಅದಕ್ಕೇ ಗಾಡಿ ಬಂದ್ ಮಾಡಿದ ಕೂಡಲೇ ದೊಡ್ಡ ಬ್ಯಾಟರಿಯ ಬಾಗಿಲು ತಾನಾಗಿ ಮುಚ್ಚುತ್ತದೆ. ಆ ಬಾಗಿಲಿಗೆ ಕಾಂಟ್ಯಾಕ್ಟರ್ ಎಂದು ಹೆಸರು. ಮರುದಿನ ಅದನ್ನು ತೆರೆಯಲು ಬೇಕಾದ ಕರೆಂಟು ಬರುವುದು ಸಣ್ಣ ಬ್ಯಾಟರಿಯಿಂದ. ಬಾಗಿಲಿನ ಲಾಕು, ಬ್ರೇಕಿನ ಕಂಪ್ಯೂಟರು, ಸ್ಟಿಯರಿಂಗಿನ ಕಂಪ್ಯೂಟರು, ದೀಪ, ಹಾರ್ನು ಎಲ್ಲವೂ ಆ ಸಣ್ಣದರ ಮಕ್ಕಳು.

ತುಂಗಭದ್ರಾ ಡ್ಯಾಂ ತುಂಬಿ ತುಳುಕುತ್ತಿದ್ದರೂ ಕಾಲುವೆಯ ಗೇಟು ಎತ್ತುವವನು ಉಪವಾಸ ಮಲಗಿದರೆ ಸಿಂಧನೂರಿನ ಗದ್ದೆಗೆ ಹನಿ ನೀರು ಬರುವುದಿಲ್ಲ. ಸಣ್ಣದರ ಮಹಿಮೆ ನಮ್ಮ ಭಾಗದವರಿಗೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಒಂದು ಚೈನು ಕಿತ್ತು ಹೋದಾಗ ಎಡದಂಡೆಯ ರೈತರೆಲ್ಲ ನಿದ್ದೆಗೆಟ್ಟಿದ್ದರು.

ಗಾಡಿ ಚಾಲೂ ಇದ್ದಾಗ ದೊಡ್ಡದು ಸಣ್ಣದಕ್ಕೆ ಅನ್ನ ಹಾಕುತ್ತದೆ. ನಡುವೆ ಕನ್ವರ್ಟರ್ ಎಂಬ ಒಂದು ಪೆಟ್ಟಿಗೆ ಕೂತು ಮುನ್ನೂರನ್ನು ಹದಿನಾಲ್ಕಕ್ಕೆ ಇಳಿಸಿ ಬಡಿಸುತ್ತದೆ. ಡೀಸೆಲ್ ಗಾಡಿಯಲ್ಲಿ ಡೈನಮೋ ಮಾಡುತ್ತಿದ್ದ ಕೆಲಸ ಇದೇ.

ದೀಪದ ಶಾಸನ ಓದುವುದು ಹೇಗೆ

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಈ ಊರಿನಿಂದ. ಆ ಶಾಸನ ಓದಲು ಪಂಡಿತರಿದ್ದರು. ಕಾರಿನ ಪರದೆಯ ಮೇಲೆ ಮೂಡುವ ಶಾಸನ ಓದಲು ಮೂರೂ ತಾಲೂಕಿನಲ್ಲಿ ಯಾರಿದ್ದಾರೆ?

ಬ್ಯಾಟರಿಯವನೇ ಒಂದು ಸೂತ್ರ ಹೇಳಿದ. ಒಂದೇ ದೀಪ ಹತ್ತಿದರೆ ಆ ದೀಪದ ರೋಗ ನೋಡಬೇಕು. ಒಂದೇ ಏಟಿಗೆ ಆರೇಳು ದೀಪ ಹತ್ತಿದರೆ ಆರೇಳು ರೋಗ ಅಲ್ಲ, ಮೊದಲು ಸಣ್ಣ ಬ್ಯಾಟರಿ ನೋಡಬೇಕು. ವೋಲ್ಟು ಕಮ್ಮಿಯಾದಾಗ ಒಳಗಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತು ಬಿಡುತ್ತವೆ. ಪ್ರತಿಯೊಂದೂ ಪಕ್ಕದವನು ಸತ್ತನೆಂದು ದೂರು ಬರೆಯುತ್ತದೆ. ಯಾರೂ ಸತ್ತಿರುವುದಿಲ್ಲ, ಎಲ್ಲರಿಗೂ ಹಸಿವು ಅಷ್ಟೆ.

ಮೀಟರಿನ ಲೆಕ್ಕ ಅಂಗಡಿಕಾರರಿಗೆ ತಕ್ಕಡಿಯಷ್ಟೇ ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸೀಸದ ಬ್ಯಾಟರಿ 12.6 ವೋಲ್ಟ್ ಅಥವಾ ಮೇಲೆ ತೋರಿಸಿದರೆ ಹೊಟ್ಟೆ ತುಂಬಿದೆ. 12.2 ಇದ್ದರೆ ಅರ್ಧ ಹೊಟ್ಟೆ. 12ಕ್ಕಿಂತ ಕೆಳಗಿದ್ದರೆ ಉಪವಾಸ. ಇದು ಗಾಡಿ ಬಂದ್ ಇದ್ದಾಗಿನ ಮಾತು. 'ರೆಡಿ' ಆದ ಮೇಲೆ ಮತ್ತೆ ಅಳೆಯಬೇಕು. 13.5ರಿಂದ 14.5ರ ಆಸುಪಾಸು ಬಂದರೆ ಕನ್ವರ್ಟರ್ ಅನ್ನ ಹಾಕುತ್ತಿದೆ ಎಂದು ಅರ್ಥ. ಆಗಲೂ 12ರಲ್ಲೇ ನಿಂತರೆ ತಪ್ಪು ಬ್ಯಾಟರಿಯದಲ್ಲ. ಅಲ್ಲಿಗೆ ನಮ್ಮ ರಿಪೇರಿಯವರ ಕೈ ನಿಲ್ಲಬೇಕು, ಕಂಪನಿಯವರ ಕೈ ಶುರುವಾಗಬೇಕು.

ಮಸ್ಕಿಯ ಕಾರಿನಲ್ಲಿ 14.1 ಬಂತು. ಕನ್ವರ್ಟರ್ ಗಟ್ಟಿ. ಒಂದು ತಾಸು ಗಾಡಿಯನ್ನು ರೆಡಿಯಲ್ಲೇ ಬಿಟ್ಟು, ಬಂದ್ ಮಾಡಿ, ಊಟ ಮಾಡಿ ಬಂದು ಅಳೆದರೆ ಮತ್ತೆ 11.7. ಹೆಡ್‌ಲೈಟು ಹಾಕಿದ ಕೂಡಲೇ ಹತ್ತಕ್ಕೆ ಕುಸಿಯಿತು. "ಇದು ಅನ್ನ ಉಂಡರೂ ಅರಗಿಸಿಕೊಳ್ಳಂಗಿಲ್ರಿ, ಮುದುಕ ಆಗೈತಿ" ಎಂದ. ಕಾರಿಗೆ ಮೂರೂವರೆ ವರ್ಷ. ಸಣ್ಣ ಬ್ಯಾಟರಿ ಬದಲಿಸಿಯೇ ಇರಲಿಲ್ಲ, ಬದಲಿಸಬೇಕೆಂದು ಯಾರೂ ಹೇಳಿಯೂ ಇರಲಿಲ್ಲ.

ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಸೀಸದ ಬ್ಯಾಟರಿಗೆ ಚಳಿಗಿಂತ ಸೆಕೆಯೇ ಯಮ. ಬಿಸಿ ಹತ್ತು ಡಿಗ್ರಿ ಏರಿದಂತೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕಸುಬಿನವರ ಹಳೆಯ ಲೆಕ್ಕ. ಜೊತೆಗೆ ಡೀಸೆಲ್ ಕಾರಿನ ಬ್ಯಾಟರಿ ಸಾಯುವ ಮುಂಚೆ ಸೂಚನೆ ಕೊಡುತ್ತದೆ. ಸೆಲ್ಫ್ ಹೊಡೆದಾಗ ಘರ್ ಘರ್ ಎಂದು ನರಳುತ್ತದೆ. ಇಲ್ಲಿ ಸೆಲ್ಫೇ ಇಲ್ಲ. ನರಳದೆ ಸಾಯುತ್ತದೆ.

ಅಂದಹಾಗೆ ಈ ಸೀಸದ ಬ್ಯಾಟರಿ ಫ್ರಾನ್ಸಿನ ಪ್ಲಾಂಟೆ ಎಂಬಾತ 1859ರಲ್ಲಿ ಕಂಡುಹಿಡಿದದ್ದು. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕಾರು ಓಡಿದ್ದೂ ಎಂಟು ಸೀಸದ ಬ್ಯಾಟರಿಯ ಮೇಲೆಯೇ. ದೊಡ್ಡದು ಲಿಥಿಯಂಗೆ ಬಡ್ತಿ ಹೊಂದಿತು, ಸಣ್ಣದು ಇನ್ನೂ ಹೆಚ್ಚಿನ ಕಾರುಗಳಲ್ಲಿ ಅಜ್ಜನ ಕಾಲದ್ದೇ.

ಸಿಂಧನೂರಿನಲ್ಲಿ ಬೇರೆ ಕತೆ

ಇದು ಮಸ್ಕಿಯ ಒಂದು ಓಣಿಯ ಕತೆಯೋ, ಎಲ್ಲರ ಮನೆಯ ಕತೆಯೋ ನೋಡೋಣವೆಂದು ಸಿಂಧನೂರಿನ ಬಸ್ಸು ಹತ್ತಿದೆ. ಅಲ್ಲಿಯ ಒಬ್ಬ ಅಕ್ಕಿ ಮಿಲ್ಲಿನವರ ಕಾರು ಎರಡು ಸಲ ಸತ್ತಿದೆ. ಹೊಸ ಬ್ಯಾಟರಿ ಹಾಕಿಸಿದ ಹದಿನೈದು ದಿನಕ್ಕೆ ಮತ್ತೆ ಸತ್ತಿತಂತೆ. ಮಾಲು ಖೋಟಾ ಎಂದು ಅಂಗಡಿಯವನ ಜೊತೆ ಜಗಳವೂ ಆಯಿತು. ನಿಜ ಸಂಗತಿ ಏನೆಂದರೆ, ಕಾರಿನ ಮುಂಗಾಜಿಗೆ ಹಗಲು-ರಾತ್ರಿ ಓಡುವ ಕ್ಯಾಮೆರಾ ಹಚ್ಚಿಸಿದ್ದರು, ತಂತಿಯನ್ನು ನೇರವಾಗಿ ಸಣ್ಣ ಬ್ಯಾಟರಿಗೇ ಕೊಟ್ಟಿದ್ದರು. ಅದರ ಮೇಲೆ ಅವರ ಮಗ ಬೆಂಗಳೂರಿನಲ್ಲಿ ಕೂತು, ಮೊಬೈಲಿನಲ್ಲಿ ತಾಸಿಗೊಮ್ಮೆ ಅಪ್ಪನ ಕಾರು ಎಲ್ಲಿದೆ, ಚಾರ್ಜೆಷ್ಟಿದೆ ಎಂದು ನೋಡುವುದು! ಹಾಗೆ ನೋಡಿದಾಗಲೆಲ್ಲ ಮಲಗಿದ ಕಾರು ಎದ್ದು ಉತ್ತರ ಕೊಟ್ಟು ಮಲಗಬೇಕು. ಮಗನ ಪ್ರೀತಿಗೆ ಬ್ಯಾಟರಿ ಬಲಿ. ಕ್ಯಾಮೆರಾದ ತಂತಿ ಬದಲಿಸಿದ ಮೇಲೆ ತಕರಾರು ಇಲ್ಲ.

ಅಲ್ಲಿಯೇ ಇನ್ನೊಂದು ದೂರು ಕಿವಿಗೆ ಬಿತ್ತು. ಹೊರವಲಯದ ಒಂದು ಕ್ಯಾಂಪಿನ ಮನೆಯಲ್ಲಿ ಕಾರಿಗೆ ಚಾರ್ಜರ್ ಚುಚ್ಚಿದರೆ ಕೆಂಪು ದೀಪ, ಚಾರ್ಜೇ ಆಗುವುದಿಲ್ಲ. ಅದೇ ಕಾರು ಊರೊಳಗಿನ ತಮ್ಮನ ಮನೆಯಲ್ಲಿ ಸರಿಯಾಗಿ ಚಾರ್ಜ್ ಆಗುತ್ತದೆ. ಇದು ಕಾರಿನ ರೋಗವೂ ಅಲ್ಲ, ಬ್ಯಾಟರಿಯ ರೋಗವೂ ಅಲ್ಲ, ಮನೆಯ ಅರ್ಥಿಂಗಿನ ರೋಗ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಬೂದಿಯಾಗಿದ್ದರೆ ಚಾರ್ಜರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ನಾಲ್ಕು ಕೊಡ ನೀರು ಹೊಯ್ದು, ತಂತಿಯ ತುಕ್ಕು ತೆಗೆಸಿದ ಮೇಲೆ ಹಸಿರು ದೀಪ ಬಂತು. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲವು ವೈರಿಂಗ್ ಹುಡುಗರು ಪ್ಲಗ್ಗಿನೊಳಗೆ ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ಒಂದು ತುಂಡು ತಂತಿ ಸೇರಿಸಿ "ಆತು ನೋಡ್ರಿ" ಎನ್ನುತ್ತಾರೆ. ದೀಪವೇನೋ ಹಸಿರಾಗುತ್ತದೆ. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಮುಟ್ಟಿದ ಮಗು ಉಳಿಯುವುದಿಲ್ಲ.

ಲಿಂಗಸುಗೂರಿನ ಲಾರಿ ಉಪಕಾರ

ಸಿಂಧನೂರಿನಿಂದ ಹಿಂದಿರುಗಿ ಲಿಂಗಸುಗೂರಿಗೆ ಹೋದೆ. ಅಲ್ಲಿ ಕೇಳಿದ್ದು ಹೊಟ್ಟೆ ಉರಿಯುವ ಸಂಗತಿ. ರಾತ್ರಿ ಹೊತ್ತು ದಾರಿಯಲ್ಲಿ ಒಬ್ಬರ ಎಲೆಕ್ಟ್ರಿಕ್ ಕಾರು ಹೀಗೇ ಕಣ್ಣು ಮುಚ್ಚಿತು. ಪುಣ್ಯಾತ್ಮನಾದ ಲಾರಿ ಡ್ರೈವರ್ ಒಬ್ಬ ನಿಲ್ಲಿಸಿ, ತನ್ನ ಬ್ಯಾಟರಿಯಿಂದ ತಂತಿ ಎಳೆದು ಕೊಟ್ಟ. ಉಪಕಾರ ಮಾಡಲೆಂದೇ ಮಾಡಿದ, ಪಾಪ. ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಯನ್ನು ಒಂದರ ಬೆನ್ನಿಗೊಂದು ಕಟ್ಟಿ 24 ವೋಲ್ಟ್ ಮಾಡಿರುತ್ತಾರೆ. 12ರ ಬಾಯಿಗೆ 24 ಸುರಿದರೆ ಏನಾಗಬೇಕೋ ಅದೇ ಆಯಿತು. ಸುಟ್ಟ ವಾಸನೆ. ಬ್ಯಾಟರಿಯ ಜೊತೆಗೆ ಕಂಪ್ಯೂಟರು ಪೆಟ್ಟಿಗೆಗಳೂ ಹೋದವು. ಐದು ಸಾವಿರದಲ್ಲಿ ಮುಗಿಯುವುದು ಲಕ್ಷಕ್ಕೆ ಮುಟ್ಟಿತು. ಆ ಮಾಲೀಕರು ಕಾರನ್ನು ಮಾರಿಬಿಟ್ಟಿದ್ದಾರೆ. ನನ್ನೊಡನೆ ಮಾತಾಡುವಾಗ ಅವರ ದನಿ ಇನ್ನೂ ನಡುಗುತ್ತಿತ್ತು.

ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯುವುದು ನಮ್ಮ ಕಡೆಯ ಇನ್ನೊಂದು ಚಾಳಿ. ಇದೂ ಬೇಡ. ಗಾಲಿ ತಿರುಗಿದರೆ ಮೋಟಾರೂ ತಿರುಗುತ್ತದೆ, ತಿರುಗಿದ ಮೋಟಾರು ಕರೆಂಟು ಹುಟ್ಟಿಸುತ್ತದೆ, ಅದಕ್ಕೆ ಹೋಗಲು ಹಾದಿ ಇಲ್ಲದೆ ಒಳಗೇ ಅನಾಹುತ. ಗಾಡಿಯನ್ನು ಪೂರ್ತಿ ಎತ್ತಿ ಹೊರುವ ಟೋ ವಾಹನವೇ ಬೇಕು. ಬಾನೆಟ್ಟಿನೊಳಗೆ ಕಿತ್ತಳೆ ಬಣ್ಣದ ದಪ್ಪ ತಂತಿ ಕಂಡರೆ ಅತ್ತ ಕೈ ಚಾಚಲೇಬಾರದು, ಅದು ದೊಡ್ಡ ಬ್ಯಾಟರಿಯ ನರ. ಕೆಂಪು-ಕರಿ ನಮ್ಮದು, ಕಿತ್ತಳೆ ಯಮನದು ಎಂದು ಮಸ್ಕಿಯ ಬ್ಯಾಟರಿಯವನು ತನ್ನ ಹುಡುಗರಿಗೆ ಕಲಿಸಿದ್ದಾನೆ. ಸಣ್ಣ ಬ್ಯಾಟರಿ ಬಿಚ್ಚುವಾಗಲೂ ಗಾಡಿ ಪೂರ್ತಿ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಕರಿ ತಂತಿಯನ್ನು ಮೊದಲು ಬಿಚ್ಚಬೇಕು, ಕೊನೆಗೆ ಹಚ್ಚಬೇಕು. ಎಲೆಕ್ಟ್ರಿಕ್ ಕಾರಿನಿಂದ ಬೇರೆಯವರ ಡೀಸೆಲ್ ಗಾಡಿಗೆ ಕರೆಂಟು ದಾನ ಮಾಡುವುದೂ ಸಲ್ಲ. ಅದರ ಸಣ್ಣ ಬ್ಯಾಟರಿ ಅಷ್ಟು ಭಾರ ಹೊರುವಂಥದ್ದಲ್ಲ. ಕೆಲವು ಕಾರುಗಳಲ್ಲಿ ಸಣ್ಣದೂ ಲಿಥಿಯಂ ಆಗಿರುತ್ತದೆ. ಅಂಥದ್ದಕ್ಕೆ ಅಂಗಡಿಯ ಹಳೇ ಚಾರ್ಜರ್ ಹಚ್ಚಿದರೆ ಕೆಟ್ಟಿತು. ಮೇಲಿನ ಚೀಟಿ ಓದಿ ಮುಟ್ಟಬೇಕು.

ಎಲ್ಲಕ್ಕೂ ಸಣ್ಣ ಬ್ಯಾಟರಿಯೇ ಕಾರಣ ಎಂದು ನಾನು ಹೇಳಿದರೆ ಅದೂ ಓಣಿಯ ಪಾಂಡಿತ್ಯವೇ ಆದೀತು. ಕಂಪನಿಯ ಕಡೆಯಿಂದಲೇ ತಪ್ಪಾದದ್ದೂ ಉಂಟು. ಸಣ್ಣ ಬ್ಯಾಟರಿಗೆ ಅನ್ನ ಹಾಕುವ ಪೆಟ್ಟಿಗೆಯಲ್ಲೇ ದೋಷವಿರಬಹುದೆಂದು 2024ರ ಜೂನ್‌ನಲ್ಲಿ ಹುಂಡೈ ಕಂಪನಿ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ವಾಪಸು ಕರೆಸಿ ನೋಡಿತು. ಮರುತಿಂಗಳು ಕಿಯಾ 1,138 ಇವಿ6 ಕಾರುಗಳನ್ನು ಕರೆಸಿತು, 2025ರ ಫೆಬ್ರವರಿಯಲ್ಲಿ ಮತ್ತೆ 1,380. ಅವೆಲ್ಲ ದೊಡ್ಡವರ ಕಾರುಗಳು, ನಮ್ಮ ರಸ್ತೆಯಲ್ಲಿ ಕಾಣುವುದು ಅಪರೂಪ. ಆದರೆ ಯಾವ ಕಂಪನಿಯ ಕಾರೇ ಇರಲಿ, ಹೊಸ ಬ್ಯಾಟರಿ ಹಾಕಿದ ಮೇಲೂ ವಾರದೊಳಗೆ ಅದೇ ದೀಪಗಳು ಹತ್ತಿದರೆ, ಮೀಟರು 14ರ ಹತ್ತಿರ ಬಾರದಿದ್ದರೆ, ನಮ್ಮವರು ಕೈ ಎತ್ತಿ ಕಂಪನಿಯ ಬಾಗಿಲು ಬಡಿಯಲೇಬೇಕು. ಅಂಥ ಬಾಗಿಲು ನೂರು ಕಿಲೋಮೀಟರ್ ದೂರ ಇರುವುದೇ ನಮ್ಮ ತಗಾದೆ. ಗಾಡಿ ಮಾರಲು ಸಂತೆಯ ದಿನ ಪೆಂಡಾಲು ಹಾಕಿ ಮೈಕು ಕೂಗಿಸುವ ಕಂಪನಿಗಳು, ತಿಂಗಳಿಗೊಂದು ದಿನ ಒಬ್ಬ ಮೆಕ್ಯಾನಿಕ್ಕನನ್ನು ಸ್ಕ್ಯಾನರ್ ಕೊಟ್ಟು ಈ ಮೂರೂ ಊರಿಗೆ ಕಳಿಸಿದರೆ ಗಂಟೇನು ಹೋಗುತ್ತದೆ?

ಮಸ್ಕಿಯ ವ್ಯಾಪಾರಸ್ಥರು ಅದೇ ಅಳತೆಯ, ಅದೇ ಜಾತಿಯ ಹೊಸ ಬ್ಯಾಟರಿಯನ್ನು ಸಿಂಧನೂರಿನಿಂದ ತರಿಸಿ ಶನಿವಾರ ಹಾಕಿಸಿದರು. ಸೋಮವಾರ ತಂದೆಯನ್ನು ಕಾರಿನಲ್ಲೇ ಲಿಂಗಸುಗೂರಿಗೆ ಕರೆದೊಯ್ದರು, ಎಂಟೂಕಾಲಿಗೇ ಮುಟ್ಟಿದರು. ಮುದುಕರು ಈಗ ಕಾರು ಹತ್ತುವ ಮುಂಚೆ "ಎಷ್ಟೈತಿ ವೋಲ್ಟು?" ಎಂದು ಕೇಳುತ್ತಾರಂತೆ. ಮಗ ಮುನ್ನೂರು ರೂಪಾಯಿಯ ಮೀಟರು ಕೊಂಡು ಗಲ್ಲೆಯ ಪಕ್ಕ ತೂಗುಹಾಕಿದ್ದಾನೆ. ಆರೇಳು ದೀಪಗಳಲ್ಲಿ ಎಲ್ಲ ಆರಿವೆ, ಏರ್‌ಬ್ಯಾಗಿನ ಹಳದಿ ದೀಪ ಒಂದು ಮಾತ್ರ ಇನ್ನೂ ಉರಿಯುತ್ತಿದೆ. ಒಂದೇ ದೀಪವಾದರೆ ಆ ದೀಪದ ರೋಗವನ್ನೇ ನೋಡಬೇಕೆಂದು ಬ್ಯಾಟರಿಯವನೇ ಹೇಳಿದ್ದಾನಲ್ಲ, ಅದಕ್ಕೇ ಬರುವ ಬುಧವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ದೂರದ ಸರ್ವಿಸ್ ಕೇಂದ್ರಕ್ಕೆ ಹೊರಟಿದ್ದಾರೆ. ಗುರುವಾರದ ಪಾಳಿಯೊಳಗೆ ಕಾರು ವಾಪಸು ಕೊಡುತ್ತೇವೆಂದು ಅಲ್ಲಿಯವರು ಫೋನಿನಲ್ಲಿ ಹೇಳಿದ್ದಾರಂತೆ.